ಮ್ಯಾಟಿನಿಗೆ ಆರು ಜನ

ಲಕೋಟೆ ಇರಲಿಲ್ಲ!

ಗುಮಾಸ್ತ ಡ್ರಾಯರಿನೊಳಗೆ ಇನ್ನೊಮ್ಮೆ ಕೈಯಾಡಿಸಿದ. ಸ್ಟೇಪ್ಲರ್ ಇತ್ತು, ರಬ್ಬರ್ ಸ್ಟಾಂಪ್ ಇತ್ತು, ಮುರಿದ ಸ್ಕೇಲೂ ಇತ್ತು. ಒಂದೂವರೆ ಗಂಟೆಯ ಹಿಂದೆ ತಾನೇ ಕೈಯಾರೆ ಇಟ್ಟ ಕಂದು ಲಕೋಟೆ ಮಾತ್ರ ಮಾಯ. ಅದರಲ್ಲಿ ಆರು ಸಿನಿಮಾ ಟಿಕೆಟ್. ಆಟ ಮೂರು ಗಂಟೆಗೆ. ಈಗ ಒಂದೂ ಮುಕ್ಕಾಲು.

ಅವನು ಕುರ್ಚಿಯಲ್ಲಿ ಕುಸಿದು ಕುಳಿತ.

ಆ ಮುದ್ರಣಾಲಯದಲ್ಲಿ ಯಜಮಾನರನ್ನೂ ಸೇರಿಸಿ ಆರೇ ಜನ. ಆರು ಜನರನ್ನು ಒಟ್ಟಿಗೆ ಸಿನಿಮಾಕ್ಕೆ ಕರೆದುಕೊಂಡು ಹೋಗುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ. ಒಬ್ಬರನ್ನು ಕೂರಿಸುವಷ್ಟರಲ್ಲಿ ಇನ್ನೊಬ್ಬರು ಹಾರಿರುತ್ತಾರೆ. ಪುಸ್ತಕ ಹೊಲಿಯುವ ಅತ್ತಿಗೆಗೆ—ಆಕೆ ಗುಮಾಸ್ತನ ಸ್ವಂತ ಅಣ್ಣನ ಹೆಂಡತಿ—ದೆವ್ವದ ಸಿನಿಮಾ ಆಗದು. ಡಿಸೈನರನಿಗೆ ದೆವ್ವವಿಲ್ಲದ ಸಿನಿಮಾ ಆಗದು. ಯಜಮಾನರಿಗೆ ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ಅರ್ಜೆಂಟ್ ಆರ್ಡರ್ ನೆನಪಾಗುತ್ತದೆ. ಮಷಿನ್ ನಡೆಸುವ ಮಾಮನಿಗೆ ಎಡಗಡೆಯ ಮೂಲೆ, ಅದೂ ಮುಂದಿನ ಸಾಲೇ ಬೇಕು. ಅವರ ಜೊತೆ ಉಳಿದವರೂ ಕತ್ತು ನೋಯಿಸಿಕೊಳ್ಳಬೇಕು.

ಮೂರು ಸಲ ದಿನ ಬದಲಾಗಿ, ಎರಡು ಸಲ ಸಿನಿಮಾ ಬದಲಾಗಿ, ಕೊನೆಗೆ ಒಂದು ಹಾಸ್ಯಚಿತ್ರಕ್ಕೆ ಎಲ್ಲರೂ ತಲೆಯಾಡಿಸಿದ್ದರು. ಅಷ್ಟರಲ್ಲಿ ಇದು!

"ಏನಯ್ಯಾ, ಮುಖ ಯಾಕೆ ಹೀಗೆ?"

ಬಾಗಿಲಲ್ಲಿ ಕರಡಕ್ಕ ನಿಂತಿದ್ದಳು. ಕರಡು ತಿದ್ದುವುದು ಅವಳ ಕೆಲಸ. ಮೂವತ್ತು ವರ್ಷದಿಂದ ಊರವರ ಪುಸ್ತಕಗಳಲ್ಲಿ ದೀರ್ಘ, ಒತ್ತಕ್ಷರ ಹುಡುಕಿ ಹುಡುಕಿ ಅವಳ ಕಣ್ಣು ಸೂಜಿಯಾಗಿತ್ತು. ಬೆಳಿಗ್ಗೆಯೇ ಒಬ್ಬ ಲೇಖಕರ ಮನೆಗೆ ಕರಡು ಕೊಡಲು ಹೋಗಿದ್ದವಳು ಈಗಷ್ಟೇ ಬಂದಿದ್ದಳು.

"ಟಿಕೆಟ್ ಕಳುವಾಗಿದೆ ಅಕ್ಕ."

"ಕಳುವೋ, ಕಳೆದುಹೋಗಿದ್ದೋ?"

"ಕಳುವೇ! ಎಲ್ಲರ ಎದುರಿಗೇ ಈ ಡ್ರಾಯರಲ್ಲಿ ಇಟ್ಟೆ. ಹನ್ನೆರಡೂಕಾಲಿಗೆ."

ಕರಡಕ್ಕ ಚೀಲ ಕೆಳಗಿಟ್ಟು ಸ್ಟೂಲು ಎಳೆದುಕೊಂಡಳು.

"ಆಮೇಲೆ? ನೀನು ಇಲ್ಲೇ ಕೂತಿದ್ಯಾ?"

"ಇಲ್ಲ. ಹನ್ನೆರಡೂವರೆಯಿಂದ ಒಂದರ ತನಕ ಹಿಂದಿನ ಗೋದಾಮಲ್ಲಿ ಕಾಗದದ ರೀಮ್ ಎಣಿಸ್ತಿದ್ದೆ. ಒಂದಕ್ಕೆ ಮಷಿನ್ ನಿಂತಿತು, ಊಟದ ಹೊತ್ತು. ಯಜಮಾನರು ಮಹಡಿಗೆ ಕರೆದರು. ಒಂದೂ ಇಪ್ಪತ್ತರವರೆಗೂ ಅವರ ಜೊತೆಗೇ ಇದ್ದೆ."

"ಹೊರಗಿನವರು ಯಾರಾದ್ರೂ?"

"ಮುಂಬಾಗಿಲಿಗೆ ಒಂದರಿಂದಲೇ ಚಿಲಕ. ನಾನೇ ಹಾಕಿ, ಮಹಡಿಯಿಂದ ಇಳಿದ ಮೇಲೆ ನಾನೇ ತೆಗೆದದ್ದು."

"ಹಾಗಾದ್ರೆ ಮನೆಯ ಕಳ್ಳನೇ," ಎಂದಳು ಕರಡಕ್ಕ. "ಬಾ."

ಹೊಲಿಗೆ ಕೋಣೆಯಲ್ಲಿ ಅತ್ತಿಗೆ ದಾರಕ್ಕೆ ಮೇಣ ತಿಕ್ಕುತ್ತಿದ್ದಳು. ಗುಮಾಸ್ತನಿಗೆ ತಡೆಯಲಾಗಲಿಲ್ಲ.

"ಅತ್ತಿಗೆ, ಟಿಕೆಟ್ ತೆಗೆದಿಟ್ಟಿದ್ದರೆ ಕೊಟ್ಟುಬಿಡಿ. ಈ ಸಿನಿಮಾಕ್ಕೆ ಬರೋ ಬದಲು ಮನೇಲಿ ಮಲಗ್ತೀನಿ ಅಂದಿದ್ರಿ, ನೆನಪಿದೆಯಾ?"

"ಅಂದಿದ್ದೆ. ಅಂದ ಮಾತ್ರಕ್ಕೆ ಕಳ್ಳಿನಾ? ನೋಡಪ್ಪಾ, ನಿಮ್ಮಣ್ಣನಿಗೆ ಅಡುಗೆ ಮಾಡಿಟ್ಟು, ಒಳ್ಳೇ ಸೀರೆ ಉಟ್ಕೊಂಡು ಬಂದಿದ್ದೀನಿ. ಕದಿಯೋಳು ಸೀರೆ ಇಸ್ತ್ರಿ ಮಾಡ್ತಾಳಾ?"

"ಊಟದ ಹೊತ್ತಲ್ಲಿ ಎಲ್ಲಿದ್ದೆ?" ಕರಡಕ್ಕ ಕೇಳಿದಳು.

"ಇಲ್ಲೇ. ಡಬ್ಬಿ ಬಿಚ್ತಿದ್ದೆ."

"ಏನಾದ್ರೂ ನೋಡಿದ್ಯಾ? ಕೇಳಿಸ್ಕೊಂಡ್ಯಾ?"

"ನೋಡಲಿಲ್ಲ. ಕೇಳಿಸ್ತು. ಆ ದರಿದ್ರ ಡ್ರಾಯರು ಕಿರ್ರೋ ಅಂತು. ಇವನೇ ಅವಸರದಲ್ಲಿ ಏನೋ ತೆಗೀತಿದ್ದಾನೆ ಅಂದ್ಕೊಂಡೆ. ಅದಕ್ಕೆ ಎದ್ದು ಹೋಗ್ಲಿಲ್ಲ."

"ಎಷ್ಟು ಹೊತ್ತಿಗೆ?"

"ಆಗಷ್ಟೇ ಮಷಿನ್ ನಿಂತಿತ್ತು."

ಗುಮಾಸ್ತ ಬೆಚ್ಚಿದ. ಆಗ ಅವನು ಮಹಡಿಯಲ್ಲಿದ್ದ!

ಡಿಸೈನರ್ ತನ್ನ ಗೂಡಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದ. ಕಿವಿಯ ಮೇಲೆ ಬನ್ನಿನಷ್ಟು ದಪ್ಪದ ಹೆಡ್‌ಫೋನ್.

"ನಾನ್ಯಾಕೆ ಕದೀಲಿ?" ಎಂದ. "ಹಾಸ್ಯ ನನಗೆ ಹಿಡಿಸಲ್ಲ, ನಿಜ. ಆದ್ರೆ ಆ ಥಿಯೇಟರ್ ಸೀಟು ಹಿಡಿಸುತ್ತೆ. ಒಳ್ಳೇ ನಿದ್ದೆ ಬರುತ್ತೆ."

"ಡ್ರಾಯರ್ ಸದ್ದು ಕೇಳಿಸ್ತಾ?"

"ಕೇಳಿಸದೆ ಏನು? ಹೆಡ್‌ಫೋನ್ ಒಳಗೂ ನುಗ್ತು! ಎರಡು ಸಲ. ತೆಗೆದಾಗ ಒಂದು, ಮುಚ್ಚಿದಾಗ ಒಂದು."

"ಎದ್ದು ನೋಡಬೇಕಿತ್ತು!" ಗುಮಾಸ್ತ ರೇಗಿದ.

"ಅಷ್ಟು ಜೋರಾಗಿ ಸದ್ದು ಮಾಡಿಕೊಂಡು ಯಾರಣ್ಣ ಕದೀತಾರೆ?"

ಕರಡಕ್ಕ ನಡೆಯುತ್ತಿದ್ದವಳು ನಿಂತುಬಿಟ್ಟಳು. ಒಳ್ಳೆಯ ಕಾಗುಣಿತ ದೋಷ ಸಿಕ್ಕಾಗ ಪೆನ್ನು ಹಿಡಿದು ನಿಲ್ಲುವ ಹಾಗೆ.

"ಇನ್ನೊಂದ್ಸಲ ಹೇಳು."

"ಅಷ್ಟು ಜೋರಾಗಿ ಸದ್ದು ಮಾಡಿಕೊಂಡು ಯಾರು ಕದೀತಾರೆ ಅಂದೆ."

ಅವಳು ಆಫೀಸಿಗೆ ವಾಪಸಾದಳು. ಗುಮಾಸ್ತ ಹಿಂದೆಯೇ ಬಂದ.

"ಅಕ್ಕ, ನನಗೆ ಗೊತ್ತಾಯ್ತು. ಯಜಮಾನರೇ ಮಾಡಿಸಿರೋದು. ಮಹಡಿಗೆ ಕರೆದದ್ದು ಸುಮ್ಮನೆ. ಅರ್ಜೆಂಟ್ ಆರ್ಡರ್ ಬಂದಿದೆ, ಇವತ್ತು ಮಷಿನ್ ನಿಲ್ಲಿಸ್ಬೇಕಾ ಅಂತ ಗೊಣಗಿದರು—"

"ನಿಲ್ಲಿಸಿ ಅಂದರೋ, ಬೇಡ ಅಂದರೋ?"

"ಕೊನೆಗೆ, ಹೋಗ್ಲಿ ಬಿಡು, ನಾನೂ ನಕ್ಕು ಬಹಳ ದಿನ ಆಯ್ತು ಅಂದರು."

"ಮತ್ತೆ? ಸುಮ್ನಿರು. ಮಷಿನ್ ರೂಮಿನ ಬಾಗಿಲು ತೆರೆದಿದೆ ನೋಡು. ಅಲ್ಲಿ ಹೊಸ್ತಿಲಲ್ಲಿ ನಿಂತ್ಕೋ. ನನ್ನನ್ನ ನೋಡ್ಬೇಡ. ಮಾಮನ್ನ ನೋಡು."

ಗುಮಾಸ್ತನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಹೋಗಿ ನಿಂತ. ಯಂತ್ರ ನಿಂತಿತ್ತು. ಮಾಮ ಆ ಕಡೆ ತಿರುಗಿಕೊಂಡು ಬಟ್ಟೆ ಹಿಡಿದು ರೋಲರ್ ಒರೆಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮೇಲೆ ಹಳೆಯ ಏಪ್ರನ್.

ಕರಡಕ್ಕ ಡ್ರಾಯರನ್ನು ಒಂದೇ ಏಟಿಗೆ ಎಳೆದಳು.

ಕಿರ್ರ್‌ರ್!

ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಅದು ಕೂಗಿತು. "ಅಯ್ಯೋ, ಅದಕ್ಕೆ ಎಣ್ಣೆ ಹಾಕ್ರೋ!" ಎಂದು ಅತ್ತಿಗೆ ಒಳಗಿನಿಂದ ಕಿರುಚಿದಳು. ಗುಮಾಸ್ತನಿಗೆ ಹಲ್ಲು ಜುಮ್ಮೆಂದಿತು.

ಮಾಮ ಕದಲಲಿಲ್ಲ. ಕತ್ತು ತಿರುಗಲಿಲ್ಲ, ಕೈಯೂ ನಿಲ್ಲಲಿಲ್ಲ. ಬಟ್ಟೆ ಅದೇ ಲಯದಲ್ಲಿ ರೋಲರಿನ ಮೇಲೆ ಹೋಗಿ ಬರುತ್ತಿತ್ತು.

ಗುಮಾಸ್ತ ಮೆಲ್ಲಗೆ ಹಿಂದಿರುಗಿದ.

"ಮಾಮನಾ?"

"ಮೆಲ್ಲಗೆ," ಎಂದಳು ಕರಡಕ್ಕ. "ಈ ಕಬ್ಬಿಣದ ಮೇಜು ಬಂದು ಒಂದು ವರ್ಷ ಆಯ್ತಾ? ನಾನು ತೆಗೆಯೋವಾಗ ಡ್ರಾಯರನ್ನ ಸ್ವಲ್ಪ ಮೇಲೆತ್ತಿ ಎಳೀತೀನಿ. ಆಗ ಕೂಗಲ್ಲ. ನೀನೂ ಹಾಗೇ, ಅತ್ತಿಗೆ, ಡಿಸೈನರೂ ಹಾಗೇ. ಸ್ಟಾಂಪ್ ಬೇಕಾದಾಗ ಯಜಮಾನರೂ ಹಾಗೇ. ಕದಿಯೋಕೆ ಬಂದೋನು ಇನ್ನೂ ಹುಷಾರಾಗಿ ಎತ್ತಬೇಕಲ್ವಾ? ಪಕ್ಕದ ಕೋಣೇಲಿ ಜನ ಇದ್ದಾರೆ ಅಂತ ಗೊತ್ತಿದ್ದೂ ಎರಡೆರಡು ಸಲ ಕಿರುಚಿಸಿದ್ದಾನೆ. ಯಾಕೆ? ಅದು ಕಿರುಚುತ್ತೆ ಅಂತ ಅವನಿಗೆ ಗೊತ್ತೇ ಇಲ್ಲ!"

"ಆದ್ರೆ..."

"ಇನ್ನೊಂದು ಕೇಳು. ಹನ್ನೆರಡೂವರೆಯಿಂದ ಒಂದರ ತನಕ ನೀನು ಗೋದಾಮಲ್ಲಿದ್ದೆ. ಮೇಜು ಖಾಲಿ. ಮಷಿನ್ ಗರ್ಜಿಸ್ತಿತ್ತು, ಆನೆ ನಡೆದ್ರೂ ಕೇಳಿಸ್ತಿರಲಿಲ್ಲ. ಕಳ್ಳನಿಗೆ ಅದಕ್ಕಿಂತ ಒಳ್ಳೇ ಹೊತ್ತು ಯಾವುದು? ಅತ್ತಿಗೆಗೋ ಡಿಸೈನರನಿಗೋ ಆಗಲೇ ಸಲೀಸು. ಇವನು ಮಷಿನ್ ನಿಲ್ಲೋ ತನಕ ಕಾದ. ಮಷಿನ್ ಓಡುವಾಗ ಅದರ ಪಕ್ಕ ಬಿಟ್ಟು ಬರಲಾಗದೋನು ಇಲ್ಲಿ ಒಬ್ಬನೇ."

ಗುಮಾಸ್ತ ತಲೆ ಹಿಡಿದುಕೊಂಡ. ಮುಂದಿನ ಸಾಲು, ಎಡಗಡೆಯ ಮೂಲೆ—ಅಲ್ಲಿ ಗೋಡೆಯಲ್ಲಿ ದೊಡ್ಡ ಸ್ಪೀಕರ್ ಇತ್ತು. ಆ ಸೀಟಿಗಾಗಿ ಅವನು ಮಾಮನಿಗೆ ಎಷ್ಟು ಸಲ ಬೈದಿದ್ದ!

"ನೀನೊಬ್ಬನೇ ಹೋಗು," ಎಂದಳು ಕರಡಕ್ಕ. "ಕಳ್ಳನ ಹತ್ರ ಹೋದ ಹಾಗೆ ಹೋಗ್ಬೇಡ."

ಗುಮಾಸ್ತ ಮಾಮನ ಎದುರಿಗೆ ಹೋಗಿ, ಮುಖ ಕಾಣುವಂತೆ ನಿಂತ. ಮಾಮ ಅವನನ್ನೊಮ್ಮೆ ನೋಡಿದರು. ಏನೂ ಕೇಳದೆಯೇ ಏಪ್ರನ್ನಿನ ಒಳಜೇಬಿನಿಂದ ಲಕೋಟೆ ತೆಗೆದು ಕೊಟ್ಟರು. ಅದರ ಅಂಚಿಗೆ ಶಾಯಿ ಹತ್ತಿತ್ತು.

"ಬರಲ್ಲ ಅಂತ ಹೇಳಬಹುದಿತ್ತಲ್ಲ ಮಾಮ?" ಗುಮಾಸ್ತ ನಿಧಾನವಾಗಿ, ತುಟಿಯಾಡಿಸಿ ಹೇಳಿದ.

"ನಿನ್ನ ಹತ್ರನಾ? ಒಬ್ಬರು ಬರದಿದ್ರೂ ಮನೆ ಬಾಗಿಲಿಗೆ ಬಂದು ಎಳ್ಕೊಂಡು ಹೋಗೋನು ನೀನು." ಮಾಮ ನಗಲು ನೋಡಿದರು, ಆಗಲಿಲ್ಲ. "ಎಲ್ಲರೂ ನಕ್ಕಾಗ ನಾನೂ ನಗ್ತೀನಿ ಕಣೋ. ಪಕ್ಕದೋರ ಮುಖ ನೋಡ್ಕೊಂಡು. ಹೋದ್ಸಲ ಅತ್ತಿಗೆ ಅಳ್ತಿದ್ದದ್ದು ಕತ್ತಲಲ್ಲಿ ನಕ್ಕ ಹಾಗೆ ಕಾಣಿಸ್ತು. ಜೋರಾಗಿ ನಕ್ಕುಬಿಟ್ಟೆ. ಪರದೆ ಮೇಲೆ ತಾಯಿ ಸಾಯ್ತಿದ್ದಳು."

ಗುಮಾಸ್ತನಿಗೂ ಅದು ನೆನಪಿತ್ತು. ಒಂದು ವಾರ ಎಲ್ಲರೂ ಮಾಮನನ್ನು ಕಾಡಿಸಿದ್ದರು. ಅವನೂ ಕಾಡಿಸಿದ್ದ.

"ಇವತ್ತಿಂದು ಬರೀ ಮಾತಿನ ಸಿನಿಮಾ. ಸಿಕ್ಕಿಬೀಳ್ತಿದ್ದೆ. ಎರಡು ಹಾಳೆ ಒಟ್ಟಿಗೆ ಎಳೆದ್ರೆ ಮಷಿನ್ ಸದ್ದು ಬದಲಾಗುತ್ತೆ. ನಾನೀಗ ಅದನ್ನ ಅಂಗೈಯಲ್ಲಿ ತಿಳ್ಕೊಳ್ತೀನಿ, ಮಷಿನ್ ಮೈ ಮುಟ್ಟಿ. ಆದ್ರೆ ಕಿವುಡನ ಕೈಗೆ ಮಷಿನ್ ಯಾರೋ ಕೊಡ್ತಾರೆ?"

ಗುಮಾಸ್ತ ಮಾಮನ ಏಪ್ರನ್ನಿನ ಗಂಟು ಬಿಚ್ಚಿದ. "ಸಿನಿಮಾಕ್ಕೆ ನಡೀರಿ," ಎಂದ. "ನಿಮ್ಮ ಗುಟ್ಟು ನನ್ನ ಬಾಯಿಂದ ಹೊರಗೆ ಬರಲ್ಲ. ಹೇಳೋದಿದ್ರೆ ನೀವೇ ಹೇಳಿ."

ಉಳಿದವರಿಗೆ ಲಕೋಟೆ ಡ್ರಾಯರಿನ ಹಿಂದಕ್ಕೆ ಜಾರಿ ಬಿದ್ದಿತ್ತೆಂದು ಹೇಳಿದ. "ನನ್ನನ್ನ ಕಳ್ಳಿ ಮಾಡಿದ್ಯಲ್ಲ, ಇರು, ನಿಮ್ಮಣ್ಣನಿಗೆ ಹೇಳ್ತೀನಿ," ಎಂದಳು ಅತ್ತಿಗೆ. ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ಎರಡೂ ಐವತ್ತಕ್ಕೆ ಆರು ಜನರೂ ಥಿಯೇಟರಿನ ಗೇಟಿನಲ್ಲಿದ್ದರು. ಜನ ನೂಕುತ್ತಿದ್ದರು. ಡಿಸೈನರ್ ಮಾಮನ ಕಡೆ ವಾಲಿ ಏನೋ ಕೇಳಿದ. ಮಾಮ ಎಂದಿನಂತೆ ನಕ್ಕು ತಲೆಯಾಡಿಸಿದರು. ಆಮೇಲೆ ನಿಂತರು. ಗುಮಾಸ್ತನ ಕಡೆ ಒಮ್ಮೆ, ಯಜಮಾನರ ಕಡೆ ಒಮ್ಮೆ ನೋಡಿದರು.

"ಏನಂದೆ? ನನಗೆ ಕೇಳಿಸ್ಲಿಲ್ಲ," ಎಂದರು. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಕಿವಿ ಹೋಗಿದೆ ಕಣಪ್ಪ ನಂದು. ಜೋರಾಗಿ ಹೇಳು."

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಯಜಮಾನರು ಮುಂದೆ ಬಂದರು.

"ಯಾವಾಗಿಂದ?"

ಮಾಮ ಅವರ ತುಟಿ ನೋಡಿ, "ಒಂದೂವರೆ ವರ್ಷ," ಎಂದರು.

ಯಜಮಾನರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು.

"ಒಂದೂವರೆ ವರ್ಷದಲ್ಲಿ ಒಂದು ಹಾಳೆ ಕೆಟ್ಟದ್ದು ನನಗೆ ನೆನಪಿಲ್ಲ!" ಎಂದು ಯಜಮಾನರು ಬೀದಿಗೆಲ್ಲ ಕೇಳುವಂತೆ ಕೂಗಿದರು. "ಸೋಮವಾರ ನಾನೇ ನಿನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಮಷಿನ್ನು ನಿಂದೇ. ತಿಳೀತಾ?"

ಮಾಮ ಒಮ್ಮೆಲೇ ಬೆರಳುಗಳಿಂದ ಕಣ್ಣು ಒರೆಸಿಕೊಂಡರು. ಬೆರಳಲ್ಲಿದ್ದ ಶಾಯಿ ಕೆನ್ನೆಗೆ ಬಂತು.

ಒಳಗೆ ಬೆಲ್ ಹೊಡೆಯಿತು. ಗುಮಾಸ್ತ ಟಿಕೆಟ್ ಎಣಿಸಿದ, ತಲೆ ಎಣಿಸಿದ. ಆರಕ್ಕೆ ಆರು. ಬಾಗಿಲಲ್ಲಿ ಸಾಲು ಹಿಡಿದಾಗ ಮಾಮನ ಪಕ್ಕದ ಸೀಟು ತನಗೇ ಬೇಕೆಂದು ಅತ್ತಿಗೆ, ಯಜಮಾನರು, ಡಿಸೈನರ್ ಮೂವರೂ ಜಗಳ ಶುರುಮಾಡಿದ್ದರು. ಕರಡಕ್ಕ ಮಾತ್ರ ಗುಮಾಸ್ತನಿಂದ ತನ್ನ ಟಿಕೆಟ್ ತೆಗೆದುಕೊಂಡು, ಸದ್ದಿಲ್ಲದೆ ಮುಂದೆ ಹೋಗಿ ಆ ಸೀಟಿನಲ್ಲಿ ಕುಳಿತುಬಿಟ್ಟಿದ್ದಳು.