ದಕ್ಷಿಣಕ್ಕೆ ಹುಚ್ಚಮ್ಮನ ಪಾಲು

"ಆ ಒಂದು ಸಾಲು ಮುಟ್ಟಬ್ಯಾಡ್ರಿ ಅಮ್ಮಾ," ಅಂದರು ಮುಕ್ತಾರ್ ಅಹಮದ್.

ಶಿಕಾರಿಪುರದಲ್ಲಿ ನಲವತ್ತು ವರ್ಷದಿಂದ ಜಮೀನಿನ ಪತ್ರ ಬರೆಯುತ್ತಿದ್ದ ಮನುಷ್ಯ. ಕುಡುಗೋಲು ಹಿಡಿದು ಬಂದ ಅಣ್ಣತಮ್ಮಂದಿರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಹೆಬ್ಬೆಟ್ಟು ಒತ್ತಿಸಿದ್ದವರು. ಎದುರಿಗಿದ್ದ ಮೇಘನಾ ನಕ್ಕಳು. ದಾವಣಗೆರೆಯ ಹುಡುಗಿ. ಬಂದಳಿಕೆ ಹತ್ತಿರದ ಸುಬ್ಬಪ್ಪನ ಮನೆಗೆ ಸೊಸೆಯಾಗಿ ಬಂದು ವರ್ಷವಾಗಿರಲಿಲ್ಲ, ಆಗಲೇ ಆರು ತಿಂಗಳ ಬಸುರಿ. ಮಂಡಿನೋವಿನ ಸುಬ್ಬಪ್ಪ ತನ್ನ ನಾಲ್ಕೆಕರೆ ಹೊಲವನ್ನು ಮಗ ರವಿಗೆ ದಾನಪತ್ರ ಮಾಡಿಕೊಡಲು ಒಪ್ಪಿದ್ದ. ಕಾಗದದ ಓಡಾಟವೆಲ್ಲ ಸೊಸೆಯದು.

ಹಳೆಯ ಪತ್ರಗಳಲ್ಲೆಲ್ಲ ಚಕ್ಕುಬಂದಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಗಡಿ, ಒಂದೇ ತೆರನಾಗಿತ್ತು: ಪೂರ್ವಕ್ಕೆ ಗಾಡಿದಾರಿ, ಪಶ್ಚಿಮಕ್ಕೆ ನಾಗರಾಜಪ್ಪನ ಗದ್ದೆ, ಉತ್ತರಕ್ಕೆ ಕಾಲುವೆ, ದಕ್ಷಿಣಕ್ಕೆ ಹುಚ್ಚಮ್ಮನ ಪಾಲು.

"ಯಾರ್ರೀ ಈ ಹುಚ್ಚಮ್ಮ? ಪಹಣಿಯಲ್ಲೂ ಇಲ್ಲ, ನಕ್ಷೆಯಲ್ಲೂ ಇಲ್ಲ."

"ನಿಮ್ಮ ಮಾವನ ಅಜ್ಜನ ತಮ್ಮನ ಹೆಂಡ್ತಿ. ಗಂಡ ಸತ್ತ ಮ್ಯಾಲೆ ಪಾಲು ಕೊಡ್ಲಿಲ್ಲ. ಹೊಲದ ದಕ್ಷಿಣದ ತುದೀಲಿ, ಈಗ ಪೊದೆ ಬೆಳ್ದೈತಲ್ಲ, ಅಲ್ಲೇ ಅನ್ನ ನೀರು ಬಿಟ್ಟು ಸತ್ಲು. ಈ ಹೊಲ ಉಂಡೋರು ಮಣ್ಣೇ ಉಣ್ಣಲಿ, ತೊಟ್ಲು ಕಟ್ಟದಂಗಾಗ್ಲಿ ಅಂತ ಮಣ್ಣು ತೂರಿದ್ಲಂತೆ. ಒಂದೇ ವರ್ಷಕ್ಕೆ ಮನ್ಯಾಗೆ ಮೂರು ಕೂಸು ಹೋದ್ವು. ಆಮ್ಯಾಲೆ ಸೊರಬದ ಕಡೆಯಿಂದ ಮಂತ್ರವಾದಿನ ಕರ್ಸಿ ಕಟ್ಟು ಹಾಕ್ಸಿದ್ರು. ಹೊಲ ಕೈ ಬದಲಾದಾಗೆಲ್ಲ ಅವ್ಳ ಪಾಲು ಬರೀಬೇಕು, ಆ ಪೊದೆ ಮುಟ್ಟಬಾರ್ದು. ಅದೇ ಕಟ್ಟು."

"ಸಾಬ್ರೇ, ನೀವೂ ಇದನ್ನ ನಂಬ್ತೀರಾ?"

"ನಂಬಲ್ಲ. ಬರೀತೀನಿ."

"ನನ್ನ ಮಗೂಗೆ ತಕರಾರಿಲ್ಲದ ಹೊಲ ಸಿಗಬೇಕು. ನಕ್ಷೆಯಲ್ಲಿರೋ ಹಾಗೆ ದಕ್ಷಿಣಕ್ಕೆ ಹಳ್ಳ ಅಂತ ಬರೀರಿ. ನಿಮ್ಮ ಹುಚ್ಚಮ್ಮ ಆಧಾರ್ ಕಾರ್ಡ್ ತಂದರೆ ಆಮೇಲೆ ನೋಡೋಣ."

ಸಾಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಹಳ್ಳ ಅಂತಲೇ ಬರೆದರು. ಮನೆಯಲ್ಲಿ ಮಾವನಿಗೆ ಓದಿ ಹೇಳುವಾಗ ಮೇಘನಾ ಆ ಸಾಲನ್ನು ಮಾತ್ರ ಹಳೆಯ ಹಾಗೇ ಓದಿದಳು. ಮುದುಕ ನೆಮ್ಮದಿಯಿಂದ ರುಜು ಹಾಕಿದ.

ನೋಂದಣಿಯಾದ ಮಾರನೆಯ ದಿನವೇ ಶುಂಠಿ ಹಾಕಲು ನೆಲ ಬೇಕೆಂದು ರವಿ ಟ್ರ್ಯಾಕ್ಟರ್ ಹೊಡೆದುಕೊಂಡು ದಕ್ಷಿಣದ ಪೊದೆಗೆ ನುಗ್ಗಿದ. ಉರಿ ಮಧ್ಯಾಹ್ನ. ಸುಬ್ಬಪ್ಪ ಹೊಲದಂಚಿನ ಮನೆಯಲ್ಲಿ ಉಣ್ಣುತ್ತಿದ್ದ. ಮೇಘನಾ ಬದುವಿನ ಮೇಲೆ ನಿಂತಿದ್ದಳು.

ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಅದರ ಜೊತೆಗೇ ಹಕ್ಕಿಗಳ ಸದ್ದೂ ನಿಂತಿತು, ಗಾಳಿಯೂ ನಿಂತಿತು.

"ರೀ, ಏನಾಯ್ತು?"

ಪೊದೆಯೊಳಗಿಂದ ವಾಸನೆ ಬಂತು. ಹಸಿ ಅರಿಶಿನ, ಸುಟ್ಟ ಕೂದಲು, ಅದರಡಿಯಲ್ಲಿ ಎಳೆಗೂಸಿನ ನೆತ್ತಿಗೆ ತಟ್ಟಿದ ಎಣ್ಣೆಯ ಘಮ. ಅವಳು ಕೊಂಬೆ ಸರಿಸಿ ಒಳಹೊಕ್ಕಳು. ನಾಲ್ಕು ಹೆಜ್ಜೆಗೆ ಬಿಸಿಲು ಸತ್ತುಹೋಯಿತು. ಬಾವಿಯೊಳಗಿನ ಹಾಗೆ ತಣ್ಣನೆಯ ಕತ್ತಲೆ.

ರವಿ ಮಂಡಿಯೂರಿ ಕೂತಿದ್ದ. ಮಣ್ಣು ತಿನ್ನುತ್ತಿದ್ದ. ಎರಡೂ ಕೈಯಿಂದ ಬಾಚಿ ಬಾಚಿ ಬಾಯಿಗೆ ತುರುಕಿಕೊಳ್ಳುತ್ತಿದ್ದ. ಕಣ್ಣು ಮಾತ್ರ ಅವಳನ್ನೇ ಬೇಡುತ್ತಿತ್ತು. ಅವಳು ಕೈ ಹಿಡಿದು ಎಳೆದಳು. ಕಲ್ಲಿನಂತಿತ್ತು. ಅವನ ಕೆನ್ನೆ ಉಬ್ಬಿತು. ಉಸಿರು ಕಟ್ಟಿತು. ತುಟಿ ನೀಲಿಗಟ್ಟಿತು. ಅವನ ಬೆನ್ನ ಹಿಂದೆ ಸೀರೆಯ ಸರಬರ. ಹತ್ತಿರ. ಇನ್ನೂ ಹತ್ತಿರ. ಅವಳ ಕಿವಿಯಲ್ಲೇ ಒಣಗಿದ ಗಂಟಲೊಂದು ಕೇಳಿತು.

"ಪಾಲು."

"ತಗೋ. ನನ್ನ ಪಾಲಿನದು ಏನಿದೆಯೋ ಎಲ್ಲ ತಗೋ. ಇವರನ್ನ ಬಿಟ್ಟುಬಿಡು."

ರವಿಯ ಕೈಗಳು ಜೋತುಬಿದ್ದವು. ರವಿ ಮಣ್ಣು ಕಾರಿದ, ಕೆಮ್ಮಿದ, ಉಸಿರೆಳೆದ. ಅವನನ್ನು ಎಳೆದುಕೊಂಡು ಅವಳು ಬಿಸಿಲಿಗೆ ಬಂದು ಬಿದ್ದಳು.

ಅವಳ ಕೂಗು ಕೇಳಿ ಕುಂಟುತ್ತ ಬಂದ ಸುಬ್ಬಪ್ಪ ಮಗನ ಬಾಯಿ ನೋಡಿದ, ಪೊದೆ ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಏನಂತ ಹೇಳಿ ಬಿಡಿಸ್ಕೊಂಡೆ ಯವ್ವಾ?"

"ನನ್ನ ಪಾಲಿನದೆಲ್ಲ ತಗೋ ಅಂದೆ ಮಾವ. ಹೋದರೆ ಹೊಲ ಹೋಗಲಿ."

ಮಗನ ಬಾಯಿಯ ಮಣ್ಣು ಒರೆಸುತ್ತಿದ್ದ ಮುದುಕ ಅವಳ ಕಡೆ ತಿರುಗಿದ.

"ಹೊಲ ರವಿ ಹೆಸ್ರಿಗೆ ಬರ್ದಿದ್ದಲ್ಲೇನವ್ವ. ಅದ್ರಾಗೆ ನಿನ್ ಪಾಲು ಎಲ್ಲೈತೆ?"

ಮೇಘನಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟಳು. ಒತ್ತಿ ನೋಡಿದಳು. ಇನ್ನೊಂದು ಕಡೆ ಒತ್ತಿದಳು. ಒಳಗೆ ಏನೂ ಮಿಸುಕಲಿಲ್ಲ.