ಅರ್ಧ ಅಚ್ಚಾದ ಭಾಷಣ

ಅಕ್ಟೋಬರ್ 26ರ ಬೆಳಿಗ್ಗೆ ಏಳೂವರೆಗೆ ವಲೇನಿ ಠಾಣೆಗೆ ದೂರು ಬಂತು. ಕೊಟ್ಟವನು ಅರಮನೆ ಎಸ್ಟೇಟಿನ ಮ್ಯಾನೇಜರ್. ಸಂತ ದಿಮಿತ್ರಿಯ ಹಬ್ಬಕ್ಕೆ ಹಿಂದಿನ ರಾತ್ರಿ ಹುಡುಗರು ಬಯಲಿನಲ್ಲಿ ಹಾಕಿದ ಬೆಂಕಿಯ ಕಿಡಿ ಹಾರಿ ಎಸ್ಟೇಟಿನ ಒಂದು ಮನೆ ಸುಟ್ಟುಹೋಗಿದೆ, ಕ್ರಮ ಕೈಗೊಳ್ಳಬೇಕು ಎಂದು ಬರೆದಿದ್ದ. ಇನ್ಸ್‌ಪೆಕ್ಟರ್ ಟ್ರಾಯಾನ್ ಮುರ್ಗು ಎಫ್‌ಐಆರ್ ದಾಖಲಿಸಿ ಕಾನ್‌ಸ್ಟೇಬಲ್ ಡೋರಿನ್‌ನ ಜೊತೆ ಹೊರಟ.

ಆ ಮನೆಯಲ್ಲಿ ಬಾಡಿಗೆಗೆ ಇದ್ದವಳು ಸಫ್ತಾ ಎಂಬ ವಿಧವೆ. ಸದ್ಯ ಪಕ್ಕದ ಪರಸ್ಕಿವಾಳ ಮನೆಯಲ್ಲಿದ್ದಳು. ಪಂಚರ ಎದುರು ಮಹಜರು ನಡೆಯಿತು. ಗಾಳಿ ಬೀಸಿದ್ದು ಮನೆಯಿಂದ ಬಯಲಿನ ಕಡೆಗೆ. ಬೆಂಕಿ ಶುರುವಾದದ್ದು ಒಳಗೆ, ಒಲೆಯ ಪಕ್ಕ. ಸೀಮೆಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಹುಡುಗರನ್ನು ಮುರ್ಗು ಅಲ್ಲೇ ಮನೆಗೆ ಅಟ್ಟಿದ. ಆದರೆ ಬೂದಿಯನ್ನು ಎಷ್ಟು ಕೆದಕಿದರೂ ಒಂದು ಪಾತ್ರೆಯೂ ಸಿಗಲಿಲ್ಲ.

"ಕಳ್ಳರು ಹೊತ್ಕೊಂಡು ಹೋದ್ರಾ?"

ಡೋರಿನ್ ತಲೆ ಕೆರೆದುಕೊಂಡ. "ಸಾರ್, ತಾಮ್ರದ ಹಂಡೆ ನಮ್ಮನೇಲಿದೆ. ಹೋದ ಭಾನುವಾರ ಸಫ್ತಕ್ಕ ಗಂಡನ ಹೆಸರಲ್ಲಿ ನಮ್ಮಮ್ಮನಿಗೆ ದಾನ ಕೊಟ್ಲು."

"ಗಂಡ ಸತ್ತಿದ್ದು ಯಾವಾಗ?"

"ಈಸ್ಟರ್ ಹೊತ್ತಿಗೆ. ನಾಲ್ಕು ವರ್ಷ ಆಯ್ತು."

"ಮತ್ತೆ ಈಗ್ಯಾಕೆ ದಾನ?"

"ನಮ್ಮಮ್ಮನೂ ಅದನ್ನೇ ಕೇಳಿದ್ಲು ಸಾರ್."

ಸತ್ತವರ ಹೆಸರಿನಲ್ಲಿ ಪಾತ್ರೆ, ಕಂಬಳಿ ಹಂಚುವುದು ಊರಿನ ಪದ್ಧತಿ. ಹಂಚುವುದು ಮಾತ್ರ ಸತ್ತ ದಿನಕ್ಕೆ. ಆರು ಮನೆ ಅಲೆದ ಡೋರಿನ್, ಸಫ್ತಾಳ ಅಡುಗೆಮನೆಯನ್ನೆಲ್ಲ ಆರು ಮನೆಗಳಲ್ಲಿ ಕಂಡು ಬಂದ. ಸಫ್ತಾ ಬಾಯಿ ಬಿಡಲಿಲ್ಲ. ಮಾತಾಡಿದ್ದು ಪರಸ್ಕಿವಾ: "ಪೇಪರ್ ಬಂದ ದಿನದಿಂದ ಅವಳು ಅವಳಾಗಿರಲಿಲ್ಲ."

ಪೇಪರ್ ಎಂದರೆ 'ಕಣಿವೆಯ ದನಿ'. ಹಳೆಯ ಸರ್ಕಾರ ಕಿತ್ತುಕೊಂಡಿದ್ದ ಆಸ್ತಿಯನ್ನು ಕೋರ್ಟು ರಾಜಮನೆತನಕ್ಕೆ ಮರಳಿಸಿದ ಮೇಲೆ, ಸೆಪ್ಟೆಂಬರ್‌ನಲ್ಲಿ ವೃದ್ಧ ಪ್ರಿನ್ಸ್ ಆಂಡ್ರೊನಿಕ್ ಅರಮನೆಯ ಅಂಗಳದಲ್ಲಿ ಭಾಷಣ ಮಾಡಿದ್ದರು. ಮರುದಿನದ ತಲೆಬರಹ: 'ಮನೆಗಳು ನನ್ನವು: ಪ್ರಿನ್ಸ್. ಬಾಡಿಗೆದಾರರಿಗೆ ಗೇಟ್‌ಪಾಸ್'. ಬರೆದವನು ಸೋರಿನ್ ಬಾಲ್ಟಾ. ಮಧ್ಯಾಹ್ನ ಅವನನ್ನು ಠಾಣೆಗೆ ಕರೆಸಲಾಯಿತು.

"ಭಾಷಣ ಕೇಳಿದ್ರಾ?"

"ಕೇಳಿದೆ."

"ಪೂರ್ತಿ?"

"ಬ್ಯಾಂಡ್ ಬಾರಿಸೋ ತನಕ."

ನಡೆದದ್ದು ಇಷ್ಟು. ಮಾತಿನ ನಡುವೆ ಪ್ರಿನ್ಸ್‌ಗೆ ಗಂಟಲು ಕಟ್ಟಿತು. ಭಾಷಣ ಮುಗಿಯಿತೆಂದುಕೊಂಡು ಬ್ಯಾಂಡಿನವರು ಊದಿಬಿಟ್ಟರು. ಜನ ನಕ್ಕರು. ಬ್ಯಾಂಡ್ ನಿಂತ ಮೇಲೆ ಪ್ರಿನ್ಸ್ ಉಳಿದದ್ದನ್ನು ಹೇಳಿದರು. ಬಾಲ್ಟಾ ಆಗಲೇ ಊಟದ ಸಾಲಿನಲ್ಲಿದ್ದ.

"ಎಲೆಕೋಸಿನ ಸುರುಳಿ ಖಾಲಿಯಾಗ್ತಿತ್ತು ಸಾರ್," ಎಂದ.

"ಗೇಟ್‌ಪಾಸ್ ಅಂತ ಅವರು ಹೇಳಿದ್ರಾ?"

"ಮನೆ ತನ್ನದು ಅಂದ್ಮೇಲೆ ಅರ್ಥ ಅದೇ ತಾನೇ? ಆಮೇಲೆ ತಿದ್ದುಪಡಿ ಹಾಕಿದೀವಲ್ಲ."

ಹಾಕಿದ್ದರು, ಶ್ರದ್ಧಾಂಜಲಿ ಪುಟದ ತಳದಲ್ಲಿ ಮೂರು ಸಾಲು. ಮುರ್ಗುವಿಗೆ ಮೈ ಉರಿದುಹೋಯಿತು. ಇಂಥವನ ಮೇಲೆ ಹಾಕಲು ಅವನ ಕೈಯಲ್ಲಿ ಕಾನೂನಿನ ಒಂದು ಕಲಮೂ ಇರಲಿಲ್ಲ. ಪುರಸಭೆಯವರಿಂದ ಭಾಷಣದ ವಿಡಿಯೊ ತರಿಸಿಕೊಂಡು ಮತ್ತೆ ಪರಸ್ಕಿವಾಳ ಮನೆಗೆ ಹೋದ.

ಸಫ್ತಾ ಒಲೆಯ ಮುಂದೆ ಕೂತಿದ್ದಳು.

"ಸಫ್ತಮ್ಮ, ಬೆಂಕಿ ಇಟ್ಟಿದ್ದು ಯಾರು?"

"ನಾನೇ. ಪಾಪ ಆ ಹುಡುಗರ ತಂಟೆಗೆ ಹೋಗ್ಬೇಡಿ."

"ಭಾಷಣಕ್ಕೆ ಹೋಗಿರಲಿಲ್ವಾ?"

"ನಾನು ಹೋದ್ರೆ ಅಷ್ಟು ಜನಕ್ಕೆ ಕೋಸಿನ ಸುರುಳಿ ಸುತ್ತೋರು ಯಾರು? ಅರಮನೆ ಹಿತ್ತಲಲ್ಲಿ ಅಡುಗೆ ಮಾಡ್ತಿದ್ದೆ."

"ಯಾರನ್ನೂ ಮನೆಯಿಂದ ಎಬ್ಬಿಸಲ್ಲ ಅಂತ ಪ್ರಿನ್ಸ್ ಅಂದದ್ದನ್ನ ಯಾರೂ ಹೇಳಲಿಲ್ವಾ?"

"ಪರಸ್ಕಿವಾ ಹೇಳಿದ್ಲು. ವೇದಿಕೆ ಮೇಲೆ ನಿಂತು ಯಾರು ಕೆಟ್ಟದ್ದು ಆಡ್ತಾರೆ ಸಾಹೇಬ್ರೆ? ನಮ್ಮೂರನ್ನ ಅಣೆಕಟ್ಟಿಗೆ ಮುಳುಗಿಸೋವಾಗ್ಲೂ ವೇದಿಕೇಲಿ ಇದೇ ಮಾತು. ಖಾಲಿ ಮಾಡಿ ಅಂತ ಬಂದಿದ್ದು ಪೇಪರಲ್ಲಿ. ಕೊನೆಗೆ ಯಾವುದು ನಿಜ ಆಯ್ತು?"

ಮುರ್ಗುವಿನ ಅಪ್ಪನೂ ಹೀಗೇ ಪೇಪರ್ ಓದುತ್ತಿದ್ದ. ಹಳೆಯ ಸರ್ಕಾರದ ಕಾಲ ಕಂಡವರಿಗೆ ವೇದಿಕೆಯ ಮಾತು ಸಿಹಿ ಹಂಚಿದ ಹಾಗೆ, ಆಗುವುದೇನಿದ್ದರೂ ಅಚ್ಚಾದದ್ದು.

"ಅದಕ್ಕೆ ಸುಡಬೇಕಿತ್ತಾ?"

"ಮುಳುಗಿದ ಊರಲ್ಲಿ ನಮ್ಮತ್ತೆ ಒಲೇನ ಬುಲ್ಡೋಜರ್‌ನೋರು ಒಡೆದಿದ್ದನ್ನ ನಿಂತು ನೋಡಿದೀನಿ. ಈ ಒಲೆ ನನ್ನ ಗಂಡ ಕಟ್ಟಿದ್ದು. ಇನ್ನೊಂದ್ ಸಲ ನೋಡೋಕೆ ಆಗಲ್ಲ ಅನ್ನಿಸ್ತು."

ಮುರ್ಗು ಫೋನಿನಲ್ಲಿ ವಿಡಿಯೊ ಹಾಕಿ ಅವಳ ಮುಂದೆ ಹಿಡಿದ. "ಮನೆಗಳು ನನ್ನವೆಂದು ಕೋರ್ಟು ಹೇಳಿದೆ," ಎಂದು ಪ್ರಿನ್ಸ್ ತಡೆದರು, ಬ್ಯಾಂಡ್ ಊದಿತು, ನಿಂತಿತು. ನಡುಗುವ ದನಿ ಕೇಳಿಸಿತು: "ಆದರೆ ಅಲ್ಲಿ ಒಲೆ ಹಚ್ಚುತ್ತಿರುವವರು ಬದುಕಿರುವ ತನಕ ಅಲ್ಲೇ ಇರಲಿ. ನನ್ನನ್ನೂ ಒಮ್ಮೆ ಮನೆಯಿಂದ ಎಬ್ಬಿಸಿದ್ದರು."

ಸಫ್ತಾ ಇನ್ನೊಮ್ಮೆ ಹಾಕಿಸಿ ನೋಡಿದಳು. ಆಮೇಲೆ ಕೇಳಿದಳು, "ಇದನ್ನ ಈಗ ಯಾಕೆ ತೋರಿಸಿದ್ರಿ?"

ಮುರ್ಗು ಫೋನನ್ನು ಜೇಬಿಗಿಟ್ಟ. ಸಂಜೆ ನಾಲ್ಕಕ್ಕೆ ಅವಳನ್ನು ಬಂಧಿಸಲಾಯಿತು. ದೂರು ಹಿಂದಕ್ಕೆ ಪಡೆಯುತ್ತೇನೆಂದು ಸ್ವತಃ ಪ್ರಿನ್ಸ್ ಫೋನ್ ಮಾಡಿದರು. ಬೆಂಕಿಯ ಕೇಸು ಹಾಗೆ ಹಿಂದಕ್ಕೆ ಹೋಗುವುದಿಲ್ಲ. ಸುಟ್ಟದ್ದು ಅವಳದೇ ಸ್ವಂತ ಮನೆಯಾಗಿದ್ದರೆ ಕೇಸಿನ ತೂಕವಾದರೂ ಇಳಿಯುತ್ತಿತ್ತೋ ಏನೋ. ವರದಿಯಲ್ಲಿ ಅಪರಾಧಕ್ಕೆ ಪ್ರೇರಣೆ ಎಂಬ ಕಡೆ ಮುರ್ಗು ಬರೆದ: 'ಮನೆ ಕಳೆದುಕೊಳ್ಳುವ ಭಯ.' ಅಷ್ಟು ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ಡೋರಿನ್ ಲಾಕಪ್ಪಿಗೆ ಚಹಾ ಒಯ್ದ.

"ಪೇಪರಲ್ಲಿ ಏನು ಬಂದಿದೆಯೋ?"

"ಏನೂ ಇಲ್ಲ ಸಫ್ತಕ್ಕ."

"ಬಂದಿರುತ್ತೆ. ಓದು."

ಅವನು ತಲೆ ತಗ್ಗಿಸಿಕೊಂಡು ಓದಿದ: 'ಪ್ರಿನ್ಸ್ ಮೇಲಿನ ದ್ವೇಷಕ್ಕೆ ಮನೆ ಸುಟ್ಟ ಮಹಿಳೆ'. ಠಾಣೆಗೆ ಬಂದು ಯಾರೂ ಏನೂ ಕೇಳಿರಲಿಲ್ಲ.

ಸಫ್ತಾ ಚಹಾದ ಲೋಟವನ್ನು ಕೆಳಗಿಟ್ಟಳು.

"ಅಚ್ಚಾಗಿಬಿಟ್ಟಿದೆ ಅಂದ್ಮೇಲೆ ಕೋರ್ಟಲ್ಲಿ ನಾನು ಹೇಳೋದು ಇನ್ನೇನೂ ಉಳಿದಿಲ್ಲ ಬಿಡು," ಎಂದಳು.