ಫ್ಲಾಟ್‌ಬೆಡ್ಡಿನ ಅವಸರ

"ಫ್ಲಾಟ್‌ಬೆಡ್ ಸ್ಕ್ಯಾನರ್ರೇ ತಗೊಳ್ಳಾಣ ಮೇಡಂ" ಎಂದು ಪ್ರಸನ್ನಕುಮಾರ್ ಹೇಳಿದಾಗ ಹೇಮಾವತಿಗೆ ಮೈಯೆಲ್ಲ ಉರಿದುಹೋಯಿತು.

ಹೊನ್ನಾಳಿಯ ಆ ಫೋಟೋ ಸ್ಟುಡಿಯೋವನ್ನು ಅಪ್ಪ ಅವಳಿಗೆ ವಹಿಸಿಕೊಟ್ಟು ಈಗ ಮನೆಯಲ್ಲಿ ಆರಾಮಾಗಿದ್ದರು. ಅಪ್ಪ ಪಂಚಾಕ್ಷರಪ್ಪನವರು ಚನ್ನಗಿರಿಯಿಂದ ಜಗಳೂರಿನವರೆಗೂ ಓಡಾಡಿ ತೆಗೆದ ಮದುವೆಗಳ ನೆಗೆಟಿವ್‌ಗಳು ಬೀರುವಿನ ತುಂಬ ಇದ್ದವು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಲೆಂದು ನ್ಯಾಮತಿಯ ಪ್ರಸನ್ನನನ್ನು ಅವಳೇ ಕೆಲಸಕ್ಕೆ ಸೇರಿಸಿಕೊಂಡಿದ್ದಳು. ಸೇರಿಸಿಕೊಂಡ ತಿಂಗಳಿಗೇ, ಅವನ ಬಸ್ಸು ತಡವಾದರೆ ಬಾಗಿಲಿಗೆ ಬಂದು ನಿಲ್ಲುವುದನ್ನೂ ಕಲಿತಿದ್ದಳು.

ಮೇಜಿನ ಮೇಲೆ ಒಂದೇ ಮದುಮಗಳ ಎರಡು ಫೋಟೋ. ಒಂದೇ ನೆಗೆಟಿವ್ ಅನ್ನು ದಾವಣಗೆರೆಯ ಅಂಗಡಿಯಲ್ಲಿ ಎರಡೂ ಮೆಷಿನ್‌ನಲ್ಲಿ ಸ್ಕ್ಯಾನ್ ಮಾಡಿಸಿ ತಂದದ್ದು.

"ಕಣ್ಣು ಬಿಟ್ಟು ನೋಡ್ರಿ. ಫಿಲ್ಮ್ ಸ್ಕ್ಯಾನರ್‌ನಾಗೆ ಸೀರೆ ಜರಿ ಎಳೆ ಎಳೆಯಾಗಿ ಕಾಣ್ತೈತೆ. ನಿಮ್ಮ ಫ್ಲಾಟ್‌ಬೆಡ್‌ನಾಗೆ ಎಲ್ಲಾ ಮಸುಕು."

"ಒಪ್ತೀನಿ. ಆದ್ರೆ ಅದು ಒಂದೊಂದೇ ಫೋಟೋ ತಗೊಂತೈತೆ. ಇದ್ರಾಗೆ ಗಾಜಿನ ಮೇಲೆ ನಾಲ್ಕು ನೆಗೆಟಿವ್ ಪಟ್ಟಿ ಸಾಲಾಗಿ ಇಟ್ಟು ಮುಚ್ಚಿದ್ರೆ ಆತು. ಯುಗಾದಿಯೊಳಗೆ ಬೀರು ಖಾಲಿ."

"ಖಾಲಿ ಆದ್ಮೇಲೆ?"

"ನನ್ನ ಕೆಲ್ಸ ಮುಗೀತು."

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಫಿಲ್ಮ್ ಸ್ಕ್ಯಾನರ್ ಬೇಕೆಂದು ಅವಳು ಹಟ ಹಿಡಿದದ್ದು ಜರಿಗಾಗಿ, ನಿಜ. ಆದರೆ ಅದು ನಿಧಾನದ ಮೆಷಿನ್ ಎಂಬುದೂ ಅವಳಿಗೆ ಅಷ್ಟೇ ಇಷ್ಟವಾಗಿತ್ತು. ಪಕ್ಕದ ಕುರ್ಚಿಯಲ್ಲಿ ಇವನಿದ್ದರೆ ಒಂದೊಂದೇ ಫೋಟೋ ಬರಲಿ, ಯಾರಿಗೆ ಬೇಜಾರು?

"ನಮ್ಮ ಸ್ಟುಡಿಯೋ ಅಷ್ಟು ಬ್ಯಾಸರ ಆಗೈತೇನ್ರಿ ನಿಮಗೆ?" ಎಂದಳು. ಫೋಟೋ ಎರಡನ್ನೂ ಪಕ್ಕಕ್ಕೆ ತಳ್ಳಿದಳು.

ಸ್ಕ್ಯಾನರಿನ ವಿಷಯಕ್ಕೆ ಕಣ್ಣಲ್ಲಿ ಕಣ್ಣಿಟ್ಟು ವಾದಿಸುತ್ತಿದ್ದವನು ಈಗ ಅವಳ ಓಲೆಯತ್ತ ನೋಡಿದ, ಜಡೆಯತ್ತ ನೋಡಿದ, ಕೊನೆಗೆ ಅವಳ ಕಣ್ಣಿಗೇ ಬಂದು ಸಿಕ್ಕಿಕೊಂಡ. ಕಿವಿ ಕೆಂಪಾಗಿತ್ತು.

"ಬ್ಯಾಸರ ಅಲ್ರೀ. ನಮ್ಮವ್ವನ್ನ ಕರ್ಕಂಡು ನಿಮ್ಮನೆಗೆ ಹೆಣ್ಣು ಕೇಳಾಕೆ ಬರಬೇಕು ಅಂತೈತೆ. ನಿಮ್ಮ ಕೈಯಾಗೆ ಸಂಬಳ ತಗೊಂತಾ, ನಿಮ್ಮನ್ನೇ ಕೊಡ್ರಿ ಅಂತ ನಿಮ್ಮಪ್ಪಾಜಿ ಮುಂದೆ ಹೆಂಗೆ ಕೇಳಲಿ? ಅದಕ್ಕೇ ಬೇಗ ಮುಗೀಲಿ ಅಂತ..."

ಹೇಮಾವತಿ ತುಟಿ ಕಚ್ಚಿಕೊಂಡಳು. ಇಲ್ಲದಿದ್ದರೆ ರಸ್ತೆಗೆಲ್ಲ ಕೇಳುವ ಹಾಗೆ ನಕ್ಕುಬಿಡುತ್ತಿದ್ದಳು. ಇಷ್ಟು ದಿನ ಬೇಗ ಬೇಗ ಎಂದು ಇವನು ಜೀವ ತಿಂದದ್ದೆಲ್ಲ ತನಗಾಗಿ! ಎದೆ ತುಂಬಿ ಬಂತು. ಆದರೂ ಏನೂ ಆಗದವಳಂತೆ ಫೋನ್ ತೆಗೆದು ದಾವಣಗೆರೆಯ ಅಂಗಡಿಗೆ ಹಚ್ಚಿದಳು.

"ಅಣ್ಣಾ, ಫಿಲ್ಮ್ ಸ್ಕ್ಯಾನರ್ರೇ ಕಳ್ಸ್ರಿ."

ಪ್ರಸನ್ನನ ಮುಖ ಸಪ್ಪಗಾಯಿತು. "ಅದ್ರಾಗೆ ಇದೆಲ್ಲಾ ಮುಗಿಸಾಕೆ ವರ್ಷಗಟ್ಟಲೆ ಹಿಡಿತೈತೆ ಮೇಡಂ!"

"ಹಿಡೀಲಿ ಬಿಡ್ರಿ. ನಿಮಗೇನು? ನಿಮ್ಮನ್ನ ಕೆಲಸದಿಂದ ತೆಗೆದಾತು."

"ಅಂದ್ರೆ?"

"ಅಂದ್ರೆ ನಾಳೆಯಿಂದ ಕೆಲಸಕ್ಕೆ ಬರಬ್ಯಾಡ್ರಿ" ಎಂದಳು ಹೇಮಾವತಿ. ಮುಚ್ಚಿಟ್ಟುಕೊಂಡಿದ್ದ ನಗು ಈಗ ಮುಖದ ತುಂಬ ಹರಡಿತು. "ಸೋಮವಾರ ಒಳ್ಳೇ ದಿನ ಐತೆ. ಅವ್ವನ್ನ ಕರ್ಕಂಡು ಮನೆಗೆ ಬರ್ರಿ."